ಎರಡನೆಯ ಕರ್ಣ

ನನ್ನ ಸೋದರಮಾವ ಶುಂಠಿ ಮಾರಿ ಬಂದ ಹಣದಲ್ಲಿ 25,000 ರೂಪಾಯಿ ಕೊಟ್ಟು ಕರ್ಣನಾದರು. ಪೂರ್ತಿ ಕರ್ಣನಲ್ಲ, ಅರ್ಧ ಕರ್ಣ. ನಮ್ಮ ಹಾಸನದ ಕಡೆಯ ‘ಕುರುಕ್ಷೇತ್ರ’ ನಾಟಕಗಳಲ್ಲಿ ಪಾತ್ರಕ್ಕೆ ಹಣ ತೆರುವವರು ನಟರೇ. ಸೀನರಿ, ಉಡುಪು, ಹಾರ್ಮೋನಿಯಂ ಮೇಷ್ಟ್ರು, ಹೊರಗಿನಿಂದ ಕರೆಸುವ ಸ್ತ್ರೀಪಾತ್ರದ ಕಲಾವಿದೆಯರು, ಇಷ್ಟರ ಖರ್ಚೂ ಅದರಿಂದಲೇ ಹುಟ್ಟಬೇಕು. ಹಣ ಕೊಡುವ ಆಸಕ್ತರು ಹೆಚ್ಚಿದಂತೆ ಕೃಷ್ಣನೂ ದುರ್ಯೋಧನನೂ ಇಬ್ಬರು ಮೂವರಾಗಿ ಒಡೆಯುತ್ತಾರೆ. ಆಲೂರಿನ ಹತ್ತಿರದ ತಮ್ಮೂರಿನ ದೇವಸ್ಥಾನದ ಪಡಸಾಲೆಯಲ್ಲಿ ಐದು ತಿಂಗಳು ನಿದ್ದೆಗೆಟ್ಟು ಅಭ್ಯಾಸ ಮಾಡಿದ ಮಾವನ ಪಾಲಿಗೆ ಬಂದದ್ದು ಎರಡನೆಯ ಕರ್ಣ, ಅಂದರೆ ಕುಂತಿ ಬಂದು ಕಾಣುವಲ್ಲಿಂದ ಮುಂದಿನವನು.

ನಾಟಕ ನಡೆದ ಹಾಸನದ ಹಾಸನಾಂಬ ಕಲಾಕ್ಷೇತ್ರ ನನಗೆ ಹೊಸದಲ್ಲ. ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ 1985ರಲ್ಲಿ ಆರಂಭಿಸಿದ, ಊರೂರು ಸುತ್ತುವ ‘ತಿರುಗಾಟ’ದ ನಾಟಕಗಳನ್ನು ಸಿಕ್ಕಲ್ಲೆಲ್ಲ ನೋಡುತ್ತ ಬಂದವನು ನಾನು. ಹೇಳಿದ ಹೊತ್ತಿಗೆ ಗಂಟೆ ಬಾರಿಸಿ, ದೀಪ ಆರಿ, ಪಕ್ಕದವರ ಉಸಿರೂ ಕೇಳುವಂಥ ಆ ಕತ್ತಲೆಗೆ ಒಗ್ಗಿಹೋದವನಿಗೆ ಮಾವನ ನಾಟಕದ ದಿನದ ಗದ್ದಲ ಮೊದಲ ಗಂಟೆಯಲ್ಲೇ ತಲೆನೋವು ತಂದಿತು.

ಕರಪತ್ರದಲ್ಲಿ ಬೆಳಗ್ಗೆ 10.30 ಎಂದಿತ್ತು. ಅತ್ತೆಯೂ ನಾನೂ ಹತ್ತಕ್ಕೇ ಹೋಗಿ ಎರಡನೆಯ ಸಾಲಿನಲ್ಲಿ ಕುಳಿತರೆ, ಅದು ಅತಿಥಿಗಳ ಕಡೆಯವರಿಗೆಂದು ಎಬ್ಬಿಸಿ ಒಂಬತ್ತನೆಯ ಸಾಲಿಗೆ ಕಳುಹಿಸಿದರು. ಅತಿಥಿಗಳು ಹನ್ನೊಂದೂವರೆಗೆ ಬಂದರು. ಬಳಿಕ ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಹಾರ, ಶಾಲು, ಪೇಟ, ಬಿಟ್ಟುಹೋದ ಹೆಸರುಗಳಿಗೆ ಮತ್ತೆ ಹಾರ. ಪೌರಾಣಿಕ ನಾಟಕ ಉಳಿಯಬೇಕು ಎಂದು ಮೂವರು ಒಬ್ಬರ ಹಿಂದೊಬ್ಬರು ಮಾತನಾಡಿ ಮುಗಿಸುವಷ್ಟರಲ್ಲಿ ಉಳಿಯಬೇಕಾದ ನಾಟಕದ ಎರಡು ಗಂಟೆ ಕಳೆದಿತ್ತು. ಅಷ್ಟು ಹೊತ್ತೂ ಪರದೆಯ ಹಿಂದೆ ಕಿರೀಟ, ಭುಜಕೀರ್ತಿ ಕಟ್ಟಿಕೊಂಡು ಬೆವರುತ್ತಿದ್ದ ಪಾಂಡವ ಕೌರವರ ನೆನಪು ವೇದಿಕೆಯ ಮೇಲಿನ ಯಾರಿಗೂ ಇದ್ದಂತೆ ಕಾಣಲಿಲ್ಲ.

ಆದರೆ ನಾಟಕ ಆರಂಭವಾದ ಮೇಲೆ ನನ್ನ ಸಿಟ್ಟು ಒಂದೇ ಕಡೆ ನಿಲ್ಲಲಾಗದೆ ಅಲೆಯತೊಡಗಿತು. ಮಲಗಿದ ಕೃಷ್ಣನ ತಲೆಯ ಬಳಿ ದುರ್ಯೋಧನ, ಕಾಲ ಬಳಿ ಅರ್ಜುನ ಕುಳಿತ ದೃಶ್ಯದಲ್ಲಿ ದುರ್ಯೋಧನ ತಾರಸ್ಥಾಯಿಯಲ್ಲಿ ಕಂದಪದ್ಯವೊಂದನ್ನು ಎತ್ತಿ ನಿಲ್ಲಿಸಿದಾಗ ಇಡೀ ಸಭಾಂಗಣ ‘ಒನ್ಸ್ ಮೋರ್’ ಎಂದು ಕೂಗಿತು. ಅವನು ನಿಜವಾಗಿಯೂ ಮತ್ತೊಮ್ಮೆ ಹಾಡಿದ, ಮೊದಲಿಗಿಂತ ಚೆನ್ನಾಗಿಯೇ ಹಾಡಿದ. ಬಂಧುಗಳು ನಡುವೆಯೇ ರಂಗವನ್ನೇರಿ ನೋಟಿನ ಹಾರ ಹಾಕಿದರು, ಅದನ್ನು ಕೊರಳಲ್ಲಿಟ್ಟುಕೊಂಡೇ ಅವನು ಸೂಜಿಮೊನೆಯಷ್ಟೂ ನೆಲ ಕೊಡುವುದಿಲ್ಲವೆಂದ. ನನ್ನ ಮುಂದಿನವರು ಮೊಬೈಲ್ ಎತ್ತಿ ಹಿಡಿದಿದ್ದರಿಂದ ಅಷ್ಟನ್ನೂ ನಾನು ನೋಡಿದ್ದು ಅಂಗೈಯಗಲದ ಪರದೆಯಲ್ಲಿ. ಕೈ ಇಳಿಸಿ ಎಂದು ಎರಡು ಸಲ ಹೇಳಿದೆ. ‘ನಮ್ಮಣ್ಣ ಕಣ್ರೀ’ ಎಂದರು. ಅದಕ್ಕೆ ಏನು ಹೇಳುವುದೆಂದು ತೋಚಲಿಲ್ಲ.

ಮಾವನ ದೃಶ್ಯ ಬಂದಾಗ ರಾತ್ರಿ ಎಂಟೂವರೆ ದಾಟಿತ್ತು. ಮೊದಲನೆಯ ಕರ್ಣ ಆರಡಿಯ ಆಳು; ಅವನ ಕಿರೀಟ ಮಾವನ ಹುಬ್ಬಿನವರೆಗೆ ಇಳಿದಿತ್ತು. ಸಭಾಂಗಣವನ್ನು ಒಂಬತ್ತಕ್ಕೆ ಬಿಟ್ಟುಕೊಡಬೇಕಿದ್ದುದರಿಂದ ಆಯೋಜಕರೊಬ್ಬರು ಪಕ್ಕದ ಪರದೆಯ ಸಂದಿನಲ್ಲಿ ನಿಂತು, ಪದ್ಯ ಬಿಟ್ಟು ಮಾತು ಮುಗಿಸಿ ಎಂದು ಕೈಸನ್ನೆ ಮಾಡುತ್ತಿದ್ದರು. ಮೇಷ್ಟ್ರು ಹಾರ್ಮೋನಿಯಂ ಮೇಲಿಂದ ಕೈ ತೆಗೆದರು. ಮಾವನಿಗೆ ಮಾತೂ ಮರೆತುಹೋಯಿತು. ಕುಂತಿಯ ಪಾತ್ರಕ್ಕೆ ತುಮಕೂರಿನಿಂದ ಬಂದಿದ್ದ ಕಲಾವಿದೆ, ಇಂಥ ಎಷ್ಟೋ ಕರ್ಣರನ್ನು ದಡ ಸೇರಿಸಿದವರಿರಬೇಕು, ಸನ್ನೆಯತ್ತ ತಿರುಗಿಯೂ ನೋಡದೆ ಮಾವನ ಗಲ್ಲ ಹಿಡಿದು, ‘ಹೇಳು ಕಂದಾ, ನಿನ್ನ ಮನಸ್ಸಿನಲ್ಲಿ ಇರುವುದನ್ನೆಲ್ಲ ಹೇಳಿಬಿಡು’ ಎಂದರು. ಆ ಮಾತು ನಾಟಕದಲ್ಲಿರಲಿಲ್ಲವೆಂದು ಮಾವ ಆಮೇಲೆ ಹೇಳಿದರು. ಮೇಷ್ಟ್ರು ನಕ್ಕು ಶ್ರುತಿ ಹಿಡಿದರು. ಮಾವನ ಕಂಠ ಮೊದಲ ಸಾಲಿನಲ್ಲಿ ಸ್ವಲ್ಪ ಕೆಳಗೇ ಉಳಿಯಿತು, ಎರಡನೆಯದರಲ್ಲಿ ಸೇರಿಕೊಂಡಿತು. ಯಾರೂ ಒನ್ಸ್ ಮೋರ್ ಎನ್ನಲಿಲ್ಲ. ಪಕ್ಕದಲ್ಲಿ ಅತ್ತೆ ಮಾತ್ರ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಲುಗಾಡದೆ ಕುಳಿತಿದ್ದರು. ಅಂಥದೊಂದು ಮೌನವನ್ನು ನಾನು ಬೇರೆ ನಾಟಕಗಳಲ್ಲಿ ಕಂಡಿಲ್ಲವೆಂದಲ್ಲ. ಅದಕ್ಕಾಗಿ ಒಂಬತ್ತು ಸಾಲು ಹಿಂದೆ ಕುಳಿತು ಹತ್ತು ಗಂಟೆ ಕಾದದ್ದು ಮಾತ್ರ ಅದೇ ಮೊದಲು.

ಯುದ್ಧ ಆರೇಳು ನಿಮಿಷದಲ್ಲಿ ಮುಗಿಯಿತು.

ಬಸ್ ನಿಲ್ದಾಣದ ಹೋಟೆಲಿನಲ್ಲಿ ಇಡ್ಲಿ ತಿನ್ನುವಾಗ ಮಾವನ ಕಿವಿಯ ಹಿಂದೆ ಬಣ್ಣ ಹಾಗೆಯೇ ಇತ್ತು. ‘ಎರಡನೇ ಕಂದ ಹೋಯ್ತಲ್ಲೋ’ ಎಂದರು. ಆಲೂರಿನ ಬಸ್ಸು ಹೊರಟು ಊರ ದೀಪಗಳು ಹಿಂದಾದ ಮೇಲೆ ಕಣ್ಣು ಮುಚ್ಚಿಕೊಂಡು ಅದನ್ನು ಎತ್ತಿಯೇ ಬಿಟ್ಟರು. ಮುಂದಿನ ಸೀಟಿನವರು ಹಿಂದೆ ತಿರುಗಿ, ‘ಸ್ವಲ್ಪ ಮೆಲ್ಲಗೆ ಸ್ವಾಮಿ, ಮಗು ಮಲಗಿದೆ’ ಎಂದರು. ಮಾವ ಸ್ಥಾಯಿ ಇಳಿಸಿ ಮುಂದಿನ ಸಾಲು ಹಿಡಿದರು.