ಹತ್ತರ ಅಂತರ

ಕಾಲೇಜು ಸೇರಿದ ತಂಗಿಯ ಮಗಳಿಗಾಗಿ ಶಿರಸಿಯ ಅಂಗಡಿಯೊಂದರಲ್ಲಿ ನೋಡಿದ ಎರಡು ಲ್ಯಾಪ್‌ಟಾಪ್‌ಗಳ ಚೀಟಿಯಲ್ಲೂ ಇದ್ದದ್ದು ರೈಜೆನ್ 5 ಎಂಬ ಪ್ರೊಸೆಸರ್‌ನ (ಮುಖ್ಯ ಚಿಪ್‌ನ) ಹೆಸರೇ. ಒಂದರದು 7520ಯು, ಇನ್ನೊಂದರದು 7530ಯು. ಹತ್ತರ ಅಂತರವಷ್ಟೇ ಎಂದುಕೊಂಡರೆ ಕೆಟ್ಟೆವು: ಮೊದಲನೆಯದರಲ್ಲಿ ಝೆನ್ 2 ವಿನ್ಯಾಸದ ನಾಲ್ಕು ಕೋರ್‌ಗಳು, ಅಂದರೆ ಲೆಕ್ಕ ಮಾಡುವ ಘಟಕಗಳು, ಇದ್ದರೆ, ಎರಡನೆಯದರಲ್ಲಿ ಝೆನ್ 3ರ ಆರು ಕೋರ್‌ಗಳಿವೆ. ರೈಜೆನ್ ತಯಾರಕ ಎಎಂಡಿಯ ಈ ಸಾಲಿನಲ್ಲಿ ಮೊದಲ ಅಂಕಿ ಮಾದರಿಯ ವರ್ಷವನ್ನೂ ಮೂರನೆಯ ಅಂಕಿ ವಿನ್ಯಾಸದ ತಲೆಮಾರನ್ನೂ ಸೂಚಿಸುತ್ತದೆ. ಕೊಳ್ಳುವವರ ಕಣ್ಣು ಮೊದಲ ಅಂಕಿಯಲ್ಲೇ ನಿಲ್ಲಲಿ ಎಂದು ಹೀಗೆ ಹೆಸರಿಟ್ಟರೋ ಏನೋ ಎಂಬುದು ನನ್ನ ಗುಮಾನಿ.

ಇನ್ನೊಂದು ಚಿಪ್ ಕಂಪನಿ ಇಂಟೆಲ್‌ನಲ್ಲಿ ಇದರ ತಿರುವುಮುರುವು: ಹೆಸರು ಬದಲಾದರೂ ಒಳಗಿನದು ಹೆಚ್ಚುಕಡಿಮೆ ಅದೇ. 2022ರ ಐ5-1235ಯು, 2023ರ ಐ5-1335ಯು ಎರಡರಲ್ಲೂ ಹತ್ತು ಕೋರ್, ಹನ್ನೆರಡು ಥ್ರೆಡ್ (ಒಟ್ಟಿಗೇ ನಡೆಸಬಲ್ಲ ಕೆಲಸದ ಎಳೆಗಳು). ಗರಿಷ್ಠ ವೇಗ 4.4ರಿಂದ 4.6 ಗಿಗಾಹರ್ಟ್ಸ್‌ಗೆ ಏರಿದೆ, ಅಷ್ಟೆ. ಬರವಣಿಗೆ, ಬ್ರೌಸರ್, ಆನ್‌ಲೈನ್ ಪಾಠಗಳಿಗೆ ಹಳೆಯದೇ ಧಾರಾಳವಾಗಿ ಸಾಕು. ಉಳಿದ ಹಣವನ್ನು 16 ಜಿಬಿ ರ‍್ಯಾಮ್‌ಗೆ ಹಾಕುವುದು ಮೇಲು. 7520ಯು ಇರುವ ಯಂತ್ರಗಳಲ್ಲಂತೂ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುವುದರಿಂದ, ಸದ್ಯಕ್ಕೆ 8 ಜಿಬಿ ಇರಲಿ, ಮುಂದೆ ಹೆಚ್ಚಿಸಿಕೊಳ್ಳೋಣ ಎಂಬ ಲೆಕ್ಕಾಚಾರ ನಡೆಯದು.

ಈ ನಾಲ್ಕೂ ಚಿಪ್‌ಗಳು 15 ವ್ಯಾಟ್ ವರ್ಗದವೇ, ಅಂದರೆ ವಿದ್ಯುತ್ ಬಳಕೆಯಲ್ಲಿ ಒಂದೇ ವರ್ಗದವು ಆದ್ದರಿಂದ, ಮಳೆಗಾಲದಲ್ಲಿ ಕರೆಂಟು ಕೈಕೊಡುವ ನಮ್ಮ ಕಡೆಯವರು ಬ್ಯಾಟರಿ ಎಷ್ಟು ವ್ಯಾಟ್-ಅವರ್ (ಅದು ಹಿಡಿದಿಡುವ ವಿದ್ಯುತ್ತಿನ ಅಳತೆ) ಎಂಬುದನ್ನೇ ಮೊದಲು ಕೇಳಬೇಕು. ಆ ಅಂಕಿ ಅಂಗಡಿಯ ಚೀಟಿಯಲ್ಲಿ ಇರಲೇ ಇಲ್ಲ.