ಸಾಣಿಕಟ್ಟಾ ಉಪ್ಪು ಮಿಶ್ರಣವೋ, ಸಂಯುಕ್ತವೋ?

ಶಿವರಾತ್ರಿಗೆ ಕುಮಟಾಕ್ಕೆ ಅಕ್ಕನ ಮನೆಗೆ ಹೋಗಿದ್ದೆ. ಅವಳ ಮಗನಿಗೆ ಒಂಬತ್ತನೇ ಕ್ಲಾಸಿನ ಪರೀಕ್ಷೆ ಹತ್ತಿರ ಬಂದಿತ್ತು. ನೋಟ್‌ಬುಕ್ಕಿನ ಪುಟದ ಮಧ್ಯೆ ಗೆರೆ ಎಳೆದು ಈ ಕಡೆ ಮಿಶ್ರಣ (ಬರೀ ಬೆರೆತದ್ದು), ಆ ಕಡೆ ಸಂಯುಕ್ತ (ಸೇರಿ ಹೊಸ ವಸ್ತುವೇ ಆದದ್ದು) ಅಂತ ವ್ಯತ್ಯಾಸಗಳನ್ನು ಬರೆದಿದ್ದ. ಎಲ್ಲಾ ಬಾಯಿಪಾಠ. 'ಸಮುದ್ರದ ನೀರು ಇದರಲ್ಲಿ ಯಾವುದೋ?' ಅಂದೆ. 'ಸಂಯುಕ್ತ ಮಾವ. ಉಪ್ಪು ಕಾಣೋದೇ ಇಲ್ವಲ್ಲ, ಪೂರ್ತಿ ಸೇರಿಬಿಟ್ಟಿದೆ' ಅಂದ.

ಅವನನ್ನು ಬೈಯೋಕೆ ಆಗಲ್ಲ. ಕಬ್ಬಿಣದ ಪುಡಿ, ಗಂಧಕ, ಆಯಸ್ಕಾಂತ ಅಂತ ಎಲ್ಲಾ ಕಡೆ ಒಂದೇ ಉದಾಹರಣೆ ಕೊಡ್ತಾರೆ, ಅದನ್ನು ಎಷ್ಟೋ ಶಾಲೆಗಳಲ್ಲಿ ಮಾಡಿ ತೋರಿಸೋದೂ ಇಲ್ಲ. ಮನೆಯಿಂದ ಸ್ವಲ್ಪ ದೂರದಲ್ಲೇ ಗೋಕರ್ಣದ ದಾರಿಯಲ್ಲಿ ಸಾಣಿಕಟ್ಟಾ ಉಪ್ಪಿನ ಆಗರ ಇದೆ. ಬೈಕ್ ಹತ್ತು ಅಂದೆ.

ಅಘನಾಶಿನಿ ಸಮುದ್ರ ಸೇರುವ ಕಡೆ ಉಬ್ಬರದ ನೀರನ್ನು ಒಳಗೆ ಬಿಟ್ಟುಕೊಂಡು, ಒಂದು ಮಡಿಯಿಂದ ಇನ್ನೊಂದು ಮಡಿಗೆ ಹಾಯಿಸುತ್ತಾ, ಬಿಸಿಲಿಗೆ ಬಿಟ್ಟು ಬಿಟ್ಟು ಗಟ್ಟಿ ಮಾಡುತ್ತಾರೆ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣ ಇರುತ್ತದೆ. ಆದರೆ ಇದು ಎಲ್ಲಾ ಕಡೆ, ಎಲ್ಲಾ ಕಾಲದಲ್ಲೂ ಒಂದೇ ಅಲ್ಲ. ಮಳೆಗಾಲದಲ್ಲಿ ಹೊಳೆ ತುಂಬಿ ಬಂದರೆ ಇಲ್ಲಿನ ನೀರು ಸಪ್ಪೆಯಾಗುತ್ತದೆ. 'ನೋಡು, ಉಪ್ಪು ಹೆಚ್ಚುಕಡಿಮೆ ಆದ್ರೂ ಅದು ಸಮುದ್ರದ ನೀರೇ. ಅದಕ್ಕೇ ಅದು ಮಿಶ್ರಣ' ಅಂದೆ. ಕರಗಿದ್ದೆಲ್ಲಾ ಸಂಯುಕ್ತ ಆಗಲ್ಲ. ಕಾಣದಷ್ಟು ಚೆನ್ನಾಗಿ ಬೆರೆತಿದೆ ಅಷ್ಟೇ, ಬಿಸಿಲು ಬಂದರೆ ನೀರು ಹೋಗುತ್ತೆ, ಉಪ್ಪು ಉಳಿಯುತ್ತೆ. 1930ರಲ್ಲಿ ಪಕ್ಕದ ಅಂಕೋಲೆಯಲ್ಲಿ ಉಪ್ಪಿನ ಕಾನೂನು ಮುರಿದವರಿಗೂ ಬೇಕಾಗಿದ್ದು ಉಪ್ಪುನೀರು, ಪಾತ್ರೆ, ಬೆಂಕಿ ಇಷ್ಟೇ.

ಅವನು ಒಂದು ಹರಳು ಬಾಯಿಗೆ ಹಾಕಿಕೊಂಡ. 'ಹಾಗಾದ್ರೆ ಇದು ಸಂಯುಕ್ತ!'

ಪರೀಕ್ಷೆಗೆ ಹೌದು. ಅಡುಗೆ ಉಪ್ಪು ಅಂದರೆ ಸೋಡಿಯಂ ಕ್ಲೋರೈಡ್. ಅದನ್ನು ಇಲ್ಲಿ ತೆಗೆದರೂ ಅಷ್ಟೇ, ಗಣಿಯಿಂದ ಬಂದ ಸೈಂಧವ ಲವಣದಲ್ಲಿ ತೆಗೆದರೂ ಅಷ್ಟೇ, 100 ಗ್ರಾಂನಲ್ಲಿ ಸುಮಾರು 39 ಗ್ರಾಂ ಸೋಡಿಯಂ, 61 ಗ್ರಾಂ ಕ್ಲೋರಿನ್. ಈ ಲೆಕ್ಕ ಮಳೆ ಬಂದರೂ ಬದಲಾಗಲ್ಲ. ಸೋಡಿಯಂ ನೀರು ಮುಟ್ಟಿದರೆ ಸಿಡಿಯುವ ಲೋಹ, ಕ್ಲೋರಿನ್ ಮೊದಲ ಮಹಾಯುದ್ಧದಲ್ಲಿ ಸೈನಿಕರನ್ನು ಕೊಂದ ಗಾಳಿ. ಅವೆರಡರ ಗುಣದಲ್ಲಿ ಒಂದೂ ಉಪ್ಪಿನಲ್ಲಿ ಉಳಿದಿಲ್ಲ. ಸಮುದ್ರದ ನೀರು ಹಾಗಲ್ಲ, ಅದರಲ್ಲಿ ನೀರಿನ ಗುಣವೂ ಇದೆ, ಉಪ್ಪಿನ ರುಚಿಯೂ ಇದೆ.

ಆದರೆ ಅವನ ಬಾಯಲ್ಲಿದ್ದ ಹರಳು? ಅದರಲ್ಲಿ ಬರೀ ಸೋಡಿಯಂ ಕ್ಲೋರೈಡ್ ಇರಲ್ಲ. ಸಮುದ್ರದ ನೀರು ಬತ್ತುವಾಗ ಸುಣ್ಣದ ಅಂಶ ಮೊದಲು ಕೂರುತ್ತದೆ, ಆಮೇಲೆ ಜಿಪ್ಸಂ. ನೀರು ಸುಮಾರು ಹತ್ತರಲ್ಲಿ ಒಂದು ಪಾಲಿಗೆ ಇಳಿದ ಮೇಲೇ ಅಡುಗೆ ಉಪ್ಪು ಹರಳು ಕಟ್ಟುವುದು. ಮೆಗ್ನೀಸಿಯಂ ಲವಣಗಳು ಕೊನೆಯ ಕಹಿ ನೀರಿನಲ್ಲಿ ಉಳಿಯುತ್ತವೆ, ಆ ನೀರು ಸ್ವಲ್ಪ ಹರಳಿಗೂ ಅಂಟಿರುತ್ತದೆ. ಮಳೆಗಾಲದಲ್ಲಿ ಕಲ್ಲುಪ್ಪಿನ ಭರಣಿ ಬೆವರೋದು ಜಾಸ್ತಿ ಇದರಿಂದಲೇ, ಮೆಗ್ನೀಸಿಯಂ ಕ್ಲೋರೈಡ್ ಗಾಳಿಯ ತೇವ ಎಳೆದುಕೊಳ್ಳುತ್ತೆ. ಅಂದರೆ ಕೈಯಲ್ಲಿರುವ ಹರಳು ಮಿಶ್ರಣ, ಅದರ ಬಹುಪಾಲು ಒಂದು ಸಂಯುಕ್ತ. ಈ ಮಾತು ನೋಟ್‌ಬುಕ್ಕಿನ ಗೆರೆಯ ಯಾವ ಕಡೆಯೂ ಕೂರಲ್ಲ. 'ಇದನ್ನ ಬರೆದ್ರೆ ಮಾರ್ಕ್ಸ್ ಕೊಡ್ತಾರಾ?' ಅಂದ. ಪೇಪರ್ ತಿದ್ದುವವರ ಮೇಲೆ ಹೋಗುತ್ತೆ.

ಆಗರದಲ್ಲಿ ಉದ್ದ ಹಿಡಿಕೆಯ ಹಲಗೆಯಿಂದ ಉಪ್ಪು ಎಳೆಯುತ್ತಿದ್ದ ಅಜ್ಜಿಯೊಬ್ಬರು ನಮ್ಮ ಮಾತು ಕೇಳಿ ನಗುತ್ತಿದ್ದರು. 'ತಮಾ, ತಿಂದ್ಕಂಡೇ ಪಾಠ ಕಲೀತ್ಯಾ?' ಅಂದರು.

ಮನೆಗೆ ಬರುವಾಗ ಅವನದು ಹೊಸ ಪ್ರಶ್ನೆ. ಇಷ್ಟು ಬಿಸಿಲಿಗೂ ಉಪ್ಪು ಸೋಡಿಯಂ, ಕ್ಲೋರಿನ್ ಆಗಿ ಒಡೆಯಲ್ಲ ಅಂದ್ರೆ ಇನ್ನು ಹೇಗೆ ಒಡೆಯೋದು? ಉಪ್ಪು ಕರಗಿ ದ್ರವ ಆಗೋದೇ 801 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಆಗಲೂ ಅದು ಉಪ್ಪೇ. ಬೇಕಾಗಿರೋದು ಕರೆಂಟ್.

ಸಂಜೆ ಒಂದು ಬಟ್ಟಲು ಉಪ್ಪುನೀರಿಗೆ ಚಿಟಿಕೆ ಅರಿಶಿನ ಹಾಕಿ, ಎರಡೂ ತುದಿ ಚೂಪು ಮಾಡಿದ ಎರಡು ಪೆನ್ಸಿಲ್ ಇಳಿಬಿಟ್ಟು, 9 ವೋಲ್ಟ್ ಬ್ಯಾಟರಿಗೆ ವೈರ್ ಕೊಟ್ಟೆವು. ಎರಡರಲ್ಲೂ ಗುಳ್ಳೆ. ಸ್ವಲ್ಪ ಹೊತ್ತಿಗೆ ಮೈನಸ್ ಪೆನ್ಸಿಲ್ ಸುತ್ತ ಅರಿಶಿನ ಕೆಂಪಾಯಿತು, ಆರತಿ ತಟ್ಟೆಯಲ್ಲಿ ಸುಣ್ಣ ಬಿದ್ದಾಗ ಆಗುತ್ತಲ್ಲ, ಅದೇ ಕೆಂಪು. ಅಲ್ಲಿ ಹೈಡ್ರೋಜನ್ ಹೊರಟು ಕಾಸ್ಟಿಕ್ ಸೋಡಾ ಹುಟ್ಟುತ್ತಿತ್ತು, ಅದೂ ಸುಣ್ಣದ ಹಾಗೇ ಕ್ಷಾರ, ಸೋಡಿಯಂ ಇರುವಂಥದ್ದು. ಪ್ಲಸ್ ಕಡೆ ಬಣ್ಣವೇ ಮಾಸಿತು, ಬ್ಲೀಚಿಂಗ್ ಪೌಡರ್ ವಾಸನೆ. ಅದು ಕ್ಲೋರಿನ್. ಕಿಟಕಿ ತೆಗೆದಿಟ್ಟಿದ್ದೆವು, ವಾಸನೆ ಬಂದ ಕೂಡಲೇ ವೈರ್ ಕಿತ್ತೆವು. ನೀವೂ ಮಾಡೋದಾದರೆ ಹಾಗೇ ಮಾಡಿ, ಮಕ್ಕಳನ್ನು ಒಬ್ಬರನ್ನೇ ಬಿಡಬೇಡಿ.

ಅಕ್ಕ ಅಡುಗೆಮನೆಯಿಂದ 'ಬಾತ್‌ರೂಮ್ ಯಾರು ತೊಳೀತಿದ್ದೀರಿ?' ಅಂತ ಕೂಗಿದಳು. ಇವನಿಗೆ ಅದರ ಕಡೆ ಗಮನವೇ ಇಲ್ಲ. 'ಮಾವ, ಕ್ಲೋರಿನ್ ಬಂತು, ಸೋಡಿಯಂ ಎಲ್ಲಿ?' ನೀರಿರುವಾಗ ಆ ಲೋಹ ಹೊರಗೆ ಬರೋದಿಲ್ಲ, 1807ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಹಂಫ್ರಿ ಡೇವಿ ಕಾಸ್ಟಿಕ್ ಸೋಡಾವನ್ನೇ ಕಾಯಿಸಿ ಕರಗಿಸಿ ಕರೆಂಟ್ ಹಾಯಿಸಿ ಸೋಡಿಯಂ ತೆಗೆದ ಅಂತ ಹೇಳಿದೆ. ಅದನ್ನೂ ಮಾಡೋಣ ಅಂತ ಹಠ ಹಿಡಿದ. ಊಟಕ್ಕೆ ಕರೆದರು, ಬಚಾವಾದೆ.