ಖರೀದಿ ಪತ್ರದಲ್ಲಿ ಎರಡು ಹೆಸರು

ನಮ್ಮ ಮನೆಯ ಖರೀದಿ ಪತ್ರದ ಮೊದಲ ಕರಡಿನಲ್ಲಿ ನನ್ನ ಹೆಸರೇ ಇರಲಿಲ್ಲ.

2019ರ ಜೂನ್ ತಿಂಗಳು. ಹುಬ್ಬಳ್ಳಿಯ ಭೈರಿದೇವರಕೊಪ್ಪದ ಹತ್ತಿರ ಎರಡು ರೂಮಿನ ಫ್ಲ್ಯಾಟು ನೋಡಿ, 26 ಲಕ್ಷಕ್ಕೆ ಮಾತು ಮುಗಿಸಿದ್ದೆವು. ಮರುದಿನ ರಜಿಸ್ಟ್ರಿ ಇತ್ತು. ಪತ್ರ ಬರೆದುಕೊಡುವ ಬಾಂಡ್ ರೈಟರ್ ಸಂಜೆ ಕರಡು ಕಳಿಸಿದರು. ಖರೀದಿದಾರರ ಜಾಗದಲ್ಲಿ ನನ್ನ ಹೆಂಡತಿಯ ಹೆಸರು ಮಾತ್ರ ಇತ್ತು. ಅದು ತಪ್ಪೂ ಅಲ್ಲ, ನಾವೇ ಹೇಳಿದ್ದು. ಅವ್ವ ಮೊದಲಿಂದಲೂ "ಮನಿ ಆಕಿ ಹೆಸರಿಗೆ ಇರಲಿ, ಮನಿ ನಡಸಾಕಿ ಆಕಿನ ಅಲ್ಲೇನು" ಅನ್ನುತ್ತಿದ್ದಳು. ಬಾಂಡ್ ರೈಟರ್ ಕೂಡ, "ಸಬ್ಸಿಡಿ ಸ್ಕೀಮಿಗೆ ಹೆಣ್ಣುಮಕ್ಕಳ ಹೆಸರೇ ಬೇಕ್ರಿ" ಅಂದಿದ್ದರು. ನನಗೂ ಖುಷಿಯೇ. ಯಾಕೆಂದರೆ ರಜಿಸ್ಟ್ರಿ ಖರ್ಚಿಗೆ ಒತ್ತೆ ಹೋಗಿದ್ದು ಅವಳ ಪಾಟ್ಲಿ, ಅಂದರೆ ಚಿನ್ನದ ಬಳೆ.

ಆ ಕರಡನ್ನು ಸುಮ್ನೆ ಒಮ್ಮೆ ನೋಡಲಿ ಅಂತ ನಮ್ಮ ಫ್ಯಾಕ್ಟರಿಯ ಅಕೌಂಟ್ಸ್ ವಿಭಾಗದ ಹಿರಿಯರೊಬ್ಬರಿಗೆ ಕಳಿಸಿದೆ. ನಾನು ತಾರಿಹಾಳ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡುತ್ತೇನೆ, ಬಿಡಿಭಾಗಗಳ ಅಳತೆ ಪರೀಕ್ಷೆ ಮಾಡುವ ಕೆಲಸ. ಹತ್ತು ನಿಮಿಷಕ್ಕೆ ಫೋನ್ ಬಂತು.

"ತಮ್ಮಾ, ಇದರಾಗ ನಿನ್ನ ಹೆಸರು ಎಲ್ಲೈತಿ?"

"ಇಲ್ರಿ ಸರ್. ಮನಿ ಆಕಿ ಹೆಸರಿಗೆ ಮಾಡ್ತೀವಿ. ಸಾಲ ಇಬ್ಬರ ಹೆಸರಿಗೂ ಐತ್ರಿ."

"ಕಂತು ಕಟ್ಟಾಂವ ನೀನು. ಟ್ಯಾಕ್ಸ್ ಕಟ್ಟಾಂವ ನೀನು. ಮನಿ ನಿಂದಲ್ಲ ಅಂದಮ್ಯಾಲೆ ಬಡ್ಡಿ ಹೆಂಗ ತೋರಸ್ತಿ?"

ಅಲ್ಲಿಯ ತನಕ ನನಗೆ ಇದು ಗೊತ್ತೇ ಇರಲಿಲ್ಲ. ಗೃಹಸಾಲದ ಬಡ್ಡಿಯನ್ನು ಆದಾಯದಿಂದ ಕಳೆಯಬೇಕಾದರೆ ಸಾಲದಲ್ಲಿ ಹೆಸರಿದ್ದರೆ ಸಾಲದು, ಮನೆಯಲ್ಲೂ ನಾವು ಮಾಲೀಕರಾಗಿರಬೇಕು. ನನ್ನ ಹೆಂಡತಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ, ಅವಳ ಆದಾಯಕ್ಕೆ ತೆರಿಗೆ ಬರುವುದಿಲ್ಲ. ಅವಳೊಬ್ಬಳ ಹೆಸರಿಗೆ ಮನೆ ಮಾಡಿದ್ದರೆ ಇಪ್ಪತ್ತು ವರ್ಷ ಬಡ್ಡಿ ಕಟ್ಟುವವನು ನಾನು, ಆದರೆ ಆ ಬಡ್ಡಿಯನ್ನು ತೆರಿಗೆ ಲೆಕ್ಕದಲ್ಲಿ ತೋರಿಸಲು ಯಾರಿಗೂ ಆಗುತ್ತಿರಲಿಲ್ಲ. ಇನ್ನು ಬಾಂಡ್ ರೈಟರ್ ಹೇಳಿದ ಸಬ್ಸಿಡಿ ಸ್ಕೀಮಿನಲ್ಲಿ ಹೆಣ್ಣುಮಕ್ಕಳ ಹೆಸರು ಇರಲೇಬೇಕು ಅನ್ನೋ ನಿಯಮ ವರ್ಷಕ್ಕೆ 6 ಲಕ್ಷದ ಒಳಗಿನ ಆದಾಯದವರಿಗೆ ಇತ್ತು. ಅದೂ ಅವರೊಬ್ಬರದೇ ಹೆಸರು ಬೇಕು ಅಂತಲ್ಲ, ಗಂಡನ ಜೊತೆ ಜಂಟಿಯಾಗಿದ್ದರೂ ನಡೆಯುತ್ತಿತ್ತು. ನನ್ನ ಸಂಬಳ ಆಗ ತಿಂಗಳಿಗೆ 63,000. ನಾವು 6ರಿಂದ 12 ಲಕ್ಷದ ಗುಂಪಿನಲ್ಲಿದ್ದೆವು. ನಮಗೆ ಆ ಕಡ್ಡಾಯವೂ ಇರಲಿಲ್ಲ.

ರಾತ್ರಿಯೇ ಬಾಂಡ್ ರೈಟರ್‌ಗೆ ಫೋನ್ ಮಾಡಿ ಇಬ್ಬರ ಹೆಸರೂ ಹಾಕಿಸಿದೆ. ಮೊದಲು ಅವಳದು, ಆಮೇಲೆ ನನ್ನದು. ಅವ್ವನಿಗೂ ಸಮಾಧಾನ ಆಯಿತು.

ಸಬ್ಸಿಡಿ ಅಂದೆನಲ್ಲ, ಅದು ಪ್ರಧಾನಮಂತ್ರಿ ಆವಾಸ್ ಯೋಜನೆಯ ಬಡ್ಡಿ ಸಬ್ಸಿಡಿ. ನಮ್ಮ ಗುಂಪಿನವರಿಗೆ ಸಾಲದ ಮೊದಲ 9 ಲಕ್ಷಕ್ಕೆ 4% ಬಡ್ಡಿಯನ್ನು ಸರ್ಕಾರ ಕೊಡುತ್ತಿತ್ತು. ತಿಂಗಳಾ ತಿಂಗಳಾ ಅಲ್ಲ. 20 ವರ್ಷದಲ್ಲಿ ಎಷ್ಟು ಉಳಿತಾಯ ಆಗುತ್ತದೋ ಅದನ್ನು ಇವತ್ತಿನ ಬೆಲೆಗೆ ಇಳಿಸಿ, ಒಂದೇ ಸಲ ಸಾಲದ ಖಾತೆಗೆ ಹಾಕುತ್ತಿದ್ದರು. ಹೆಚ್ಚೆಂದರೆ 2,35,068 ರೂಪಾಯಿ. ಅರ್ಜಿ ಬ್ಯಾಂಕಿನಿಂದಲೇ ಹೋಗುತ್ತಿತ್ತು. ಮುಖ್ಯ ಷರತ್ತು ಅಂದರೆ ದೇಶದಲ್ಲಿ ಎಲ್ಲೂ ನಮಗೆ ಪಕ್ಕಾ ಮನೆ ಇರಬಾರದು.

ಇಲ್ಲಿ ನಮ್ಮ ಕಾಕಾ ಹೆದರಿಸಿಬಿಟ್ಟಿದ್ದರು. "ಊರಾಗ ಮನಿ ಐತಿ, ನಿಮಗೆಲ್ಲಿ ಕೊಡ್ತಾರ?" ನವಲಗುಂದ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಅಪ್ಪ ಕಟ್ಟಿಸಿದ ಮನೆ ಇದೆ. ಆದರೆ ಉತಾರದಲ್ಲಿ, ಅಂದರೆ ಮನೆ ಯಾರದು ಅಂತ ಹೇಳುವ ಪಂಚಾಯ್ತಿ ದಾಖಲೆಯಲ್ಲಿ, ಇರುವುದು ಅಪ್ಪನ ಹೆಸರು. ಈ ಯೋಜನೆಯಲ್ಲಿ ಕುಟುಂಬ ಅಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು. ಅಪ್ಪನ ಮನೆ ನನ್ನ ಲೆಕ್ಕಕ್ಕೆ ಬರುವುದಿಲ್ಲ. ಪಂಚಾಯ್ತಿಯಿಂದ ಉತಾರ ತಂದು ಬ್ಯಾಂಕಿನಲ್ಲಿ ತೋರಿಸಿದೆ, ಅಫಿಡವಿಟ್ ಬರೆದುಕೊಟ್ಟೆ, ಮುಗಿಯಿತು. ಹಳ್ಳಿಯಲ್ಲಿ ಮನೆ ಇದೆ ಅಂತ ಅರ್ಜಿಯನ್ನೇ ಹಾಕದ ಇಬ್ಬರು ನಮ್ಮ ಫ್ಯಾಕ್ಟರಿಯಲ್ಲೇ ಇದ್ದಾರೆ. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಯಾರಾದರೂ ಒಂದು ಮಾತು ಹೇಳಿದ್ದರೆ ಅವರಿಗೂ ಎರಡು ಲಕ್ಷಕ್ಕಿಂತ ಜಾಸ್ತಿ ಸಿಗುತ್ತಿತ್ತು ಅಲ್ವಾ?

ಹಣದ ಲೆಕ್ಕ ಹೀಗಿತ್ತು. 26 ಲಕ್ಷದಲ್ಲಿ 20 ಲಕ್ಷ ಬ್ಯಾಂಕ್ ಸಾಲ, ಬಡ್ಡಿ 8.6%, ಅವಧಿ 20 ವರ್ಷ, ಕಂತು 17,483. ಉಳಿದ 6 ಲಕ್ಷಕ್ಕೆ ನನ್ನ ಪಿಎಫ್, ಭಿಶಿ (ಚೀಟಿ) ಎತ್ತಿದ ಹಣ, ಅಪ್ಪ ಕಡಲೆ ಮಾರಿ ಕೊಟ್ಟಿದ್ದು. ಕಟ್ಟಡಕ್ಕೆ ಕಂಪ್ಲೀಶನ್ ಸರ್ಟಿಫಿಕೇಟ್ ಆಗಿದ್ದರಿಂದ ಜಿಎಸ್‌ಟಿ ಬೀಳಲಿಲ್ಲ. ಆದರೆ ಸ್ಟ್ಯಾಂಪ್ ಡ್ಯೂಟಿ, ಅದರ ಮೇಲಿನ ಸೆಸ್ಸು, ರಜಿಸ್ಟ್ರೇಶನ್ ಎಲ್ಲ ಸೇರಿ 1,71,600 ಆಯಿತು. ಇದಕ್ಕೆ ಬ್ಯಾಂಕ್ ಸಾಲ ಕೊಡಲಿಲ್ಲ. ಮನೆ ಹುಡುಕುವಾಗ ನಾವು ಈ ಖರ್ಚನ್ನು ಸರಿಯಾಗಿ ಎಣಿಸಿಯೇ ಇರಲಿಲ್ಲ. ಕೊನೆಗೆ 50,000 ಕಡಿಮೆ ಬಿತ್ತು. ನಾನು ಗೆಳೆಯರಿಗೆ ಫೋನ್ ಮಾಡುತ್ತಾ ಕೂತಿದ್ದೆ. ಅವಳು ಒಳಗೆ ಹೋಗಿ ಎರಡೂ ಪಾಟ್ಲಿ ತೆಗೆದು ಕರವಸ್ತ್ರದಲ್ಲಿ ಕಟ್ಟಿ ತಂದು ನನ್ನ ಕೈಯಲ್ಲಿಟ್ಟಳು. ಅವು ಅವಳ ತವರಿನವರು ಮದುವೆಗೆ ಹಾಕಿದ್ದು. ಅವಳು ಏನೂ ಮಾತಾಡಲಿಲ್ಲ, ನನಗೂ ಮಾತು ಬರಲಿಲ್ಲ.

ಸಬ್ಸಿಡಿ 2020ರ ಮಾರ್ಚ್ ಮೊದಲ ವಾರ ಬಂತು. ಒಂಬತ್ತು ತಿಂಗಳು ಕಾದಿದ್ದೆವು. ಸಾಲದ ಬಾಕಿ ಒಮ್ಮೆಲೇ ಇಳಿಯಿತು, ಕಂತು ಸುಮಾರು 2,000 ರೂಪಾಯಿ ಕಡಿಮೆ ಆಯಿತು. ಅದೇ ತಿಂಗಳ ಕೊನೆಗೆ ಲಾಕ್‌ಡೌನ್ ಬಂತು. ಅರ್ಧ ಸಂಬಳದ ಆ ತಿಂಗಳುಗಳಲ್ಲಿ ಆ 2,000 ಎಷ್ಟು ದೊಡ್ಡದಾಗಿತ್ತು ಅಂತ ನಮಗೆ ಗೊತ್ತು.

ಆದರೆ ಸಬ್ಸಿಡಿ ಹಣ ಕೈಗೆ ಬರುವುದಿಲ್ಲ, ಸಾಲಕ್ಕೇ ಹೋಗುತ್ತದೆ. ಪಾಟ್ಲಿ ಬಿಡಿಸಲು ನಗದು ಬೇಕಿತ್ತು. ಅದು ಬಂದಿದ್ದು ತೆರಿಗೆಯಿಂದ.

ಆ ವರ್ಷ ಬ್ಯಾಂಕಿನ ಬಡ್ಡಿ ಸರ್ಟಿಫಿಕೇಟ್ ನನಗೆ ತಡವಾಗಿ ಸಿಕ್ಕಿತು. ಜನವರಿಯಲ್ಲಿ ಫ್ಯಾಕ್ಟರಿಯಲ್ಲಿ ದಾಖಲೆ ಕೊಡುವ ದಿನ ಮುಗಿದುಹೋಗಿತ್ತು. ಹಾಗಾಗಿ ಮನೆಯ ಲೆಕ್ಕ ಏನೂ ಇಲ್ಲದೆ ಸಂಬಳದಿಂದ 47,112 ರೂಪಾಯಿ ತೆರಿಗೆ ಹಿಡಿದರು. ಹೋಯಿತು ಅಂದುಕೊಂಡಿದ್ದೆ. ಅಕೌಂಟ್ಸ್ ಹಿರಿಯರು, "ಎಲ್ಲಿ ಹೊಕ್ಕೈತಿ? ರಿಟರ್ನ್ ತುಂಬಿದ್ರ ವಾಪಸ್ ಬರ್ತೈತಿ" ಅಂದರು.

ಆಗಸ್ಟ್‌ನಲ್ಲಿ ರಿಟರ್ನ್ ತುಂಬಿಕೊಡುವ ಒಬ್ಬರ ಬಳಿ ಹೋದೆ. ಅವರು ಸಂಬಳ, ಹಿಡಿದ ತೆರಿಗೆ ತೋರಿಸುವ ಫಾರ್ಮ್ 16 ನೋಡಿದರು, ಒಂಬತ್ತು ತಿಂಗಳ ಬಡ್ಡಿ ಸುಮಾರು 1,28,000 ಕಳೆದರು, ಅಸಲಿಗೆ ಹೋದ 29,000 ಅನ್ನು ಉಳಿತಾಯಕ್ಕೆ ವಿನಾಯಿತಿ ಕೊಡುವ 80ಸಿ ಕಲಮಿನ ಅಡಿ ಕಳೆದರು. ತೆರಿಗೆ ಬೀಳುವ ಆದಾಯ 5,07,000 ಅಂತ ಬಂತು. "32,656 ರಿಫಂಡ್ ಬರ್ತದ, ಮಾಡಿಬಿಡಲಾ?" ಅಂದರು.

ನನ್ನ ತಲೆಯಲ್ಲಿ ಇದ್ದದ್ದು ಪಾಟ್ಲಿ. ಆ ಹಣ ಎಲ್ಲಿ ಹೋಯಿತೋ ಅದರ ರಸೀದಿಯೂ ಫೈಲಿನಲ್ಲಿತ್ತು. "ಸ್ಟ್ಯಾಂಪ್ ಡ್ಯೂಟಿ ಕಟ್ಟೇವಲ್ರಿ, ಅದು ಲೆಕ್ಕಕ್ಕಿಲ್ಲೇನು?" ಅಂತ ಕೇಳಿದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿದರು, ಆಮೇಲೆ ಕಾಗದ ತೆಗೆಸಿ ನೋಡಿದರು. ಮನೆ ಕೊಂಡ ವರ್ಷ ಕಟ್ಟಿದ ಸ್ಟ್ಯಾಂಪ್ ಡ್ಯೂಟಿ, ರಜಿಸ್ಟ್ರೇಶನ್ ಶುಲ್ಕ ಕೂಡ 80ಸಿ ಒಳಗೆ ಬರುತ್ತಿತ್ತು. ಒಟ್ಟು ಮಿತಿ 1.5 ಲಕ್ಷ. ಪಿಎಫ್, ಎಲ್‌ಐಸಿ, ಅಸಲು ಎಲ್ಲ ಹೋಗಿ ನನಗೆ ಇನ್ನೂ 81,400 ಜಾಗ ಉಳಿದಿತ್ತು.

ಆಗಿನ ನಿಯಮದಲ್ಲಿ ತೆರಿಗೆ ಬೀಳುವ ಆದಾಯ 5 ಲಕ್ಷದ ಒಳಗಿದ್ದರೆ ತೆರಿಗೆ ಪೂರ್ತಿ ಮನ್ನಾ. ದಾಟಿದರೆ ಎರಡೂವರೆ ಲಕ್ಷದ ಮೇಲಿನ ಎಲ್ಲದಕ್ಕೂ ತೆರಿಗೆ. ಅಂದರೆ ಬರೀ 7,000 ದಾಟಿದ್ದಕ್ಕೆ ನಾನು 14,456 ರೂಪಾಯಿ ಕಳೆದುಕೊಳ್ಳುತ್ತಿದ್ದೆ. ಸ್ಟ್ಯಾಂಪಿನ ಹಣ ಸೇರಿಸಿದ ಕೂಡಲೇ ಆದಾಯ 4,25,000ರ ಹತ್ತಿರ ಇಳಿಯಿತು. ತೆರಿಗೆ ಸೊನ್ನೆ. ಹಿಡಿದ ಹಣ ಪೂರ್ತಿ ವಾಪಸ್.

ಗೃಹಸಾಲದ ಮೇಲೆ 3.5 ಲಕ್ಷ ಬಡ್ಡಿ ವಿನಾಯಿತಿ ಅಂತ ಆಗ ಎಲ್ಲರೂ ಹೇಳುತ್ತಿದ್ದರು. ತೆರಿಗೆ ಕಾನೂನಿನ ಕಲಮು 24(ಬಿ) ಅಡಿ 2 ಲಕ್ಷ, 45 ಲಕ್ಷದ ಒಳಗಿನ ಮೊದಲ ಮನೆಗೆ 80ಇಇಎ ಅಡಿ ಇನ್ನೂ 1.5 ಲಕ್ಷ. ನಿಜವೇ. ಆದರೆ ಮೊದಲ 2 ಲಕ್ಷ ತುಂಬಿದ ಮೇಲೆ ಉಳಿದ ಬಡ್ಡಿಗೆ ಮಾತ್ರ ಎರಡನೆಯದು. 20 ಲಕ್ಷದ ಸಾಲಕ್ಕೆ ವರ್ಷದ ಬಡ್ಡಿ 1.7 ಲಕ್ಷ ಆಗುತ್ತದೆ. ನಮ್ಮಂಥವರಿಗೆ ಆ ಎರಡನೆಯದು ಬೇಕಾಗಲೇ ಇಲ್ಲ. ದೊಡ್ಡ ಅಂಕಿ ನೋಡಿ ದೊಡ್ಡ ಸಾಲ ಮಾಡಬೇಡಿ.

ಆಧಾರ್ ಒಟಿಪಿ ಹಾಕಿ ರಿಟರ್ನ್ ಪಕ್ಕಾ ಮಾಡಿದೆವು. ಆದರೂ ರಿಫಂಡ್ ಒಮ್ಮೆ ತಪ್ಪಿತು. ಪ್ಯಾನ್‌ನಲ್ಲಿ ನನ್ನ ಅಡ್ಡಹೆಸರು ಪೂರ್ತಿ ಇದೆ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಬರೀ ಇನಿಷಿಯಲ್ ಇತ್ತು. ನಮ್ಮ ಕಡೆ ಇದು ಬಹಳ ಜನರ ತೊಂದರೆ. ಬ್ಯಾಂಕಿನಲ್ಲಿ ಹೆಸರು ಸರಿ ಮಾಡಿಸಿ, ಪೋರ್ಟಲ್‌ನಲ್ಲಿ ಖಾತೆಯನ್ನು ಮತ್ತೆ ದೃಢೀಕರಿಸಿ, ರಿಫಂಡ್ ಮತ್ತೆ ಕಳಿಸಿ ಅಂತ ಕೋರಿಕೆ ಹಾಕಿದೆ. ನವೆಂಬರ್‌ನಲ್ಲಿ ಬಂತು. ತಿಂಗಳಿಗೆ 0.5% ಬಡ್ಡಿ ಸೇರಿ 49,000ದ ಹತ್ತಿರ ಆಗಿತ್ತು. ದೀಪಾವಳಿಗೆ ನಾಲ್ಕು ದಿನ ಇತ್ತು. ಒತ್ತೆಯ ಬಡ್ಡಿಯನ್ನು ತಿಂಗಳಾ ತಿಂಗಳಾ ಕಟ್ಟುತ್ತಾ ಬಂದಿದ್ದರಿಂದ ಅಸಲಿಗೆ ಸಾವಿರದಷ್ಟು ಮಾತ್ರ ಸೇರಿಸಬೇಕಾಯಿತು. ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನಲ್ಲಿ ಪಾಟ್ಲಿಯನ್ನು ಅಂಗಿಯ ಒಳಜೇಬಿನಲ್ಲಿಟ್ಟು, ಮೇಲೆ ಕೈ ಹಿಡಿದುಕೊಂಡೇ ಮನೆಗೆ ಬಂದೆ.

ಇದನ್ನೆಲ್ಲ ಈಗ ಬರೆಯಲು ಕಾರಣ ಗದಗಿನಲ್ಲಿರುವ ನಮ್ಮ ಕಾಕಾನ ಮಗ. ಅವನು ಬೆಟಗೇರಿಯಲ್ಲಿ 28 ಲಕ್ಷದ ಮನೆ ನೋಡಿದ್ದಾನೆ. ಸಂಬಳ 45,000. ಹೋದ ಭಾನುವಾರ ಬಂದು, "ಅಣ್ಣಾ, ನೀ ಮಾಡಿದಂಗ ಮಾಡಬೇಕು" ಅಂದ. ನಾನು ಮಾಡಿದಂತೆ ಈಗ ಆಗುವುದಿಲ್ಲ ಅಂತ ಮೊದಲೇ ಹೇಳಿದೆ. ನಮ್ಮ ಕಾಲದ ಸಬ್ಸಿಡಿ ನಮ್ಮ ಗುಂಪಿಗೆ 2021ರ ಮಾರ್ಚ್‌ಗೇ ನಿಂತಿತು. ಹೊಸ ತೆರಿಗೆ ಪದ್ಧತಿಯಲ್ಲಿ ನಾವೇ ವಾಸ ಮಾಡುವ ಮನೆಯ ಬಡ್ಡಿಗೆ, 80ಸಿಗೆ ವಿನಾಯಿತಿ ಇಲ್ಲ. ಆದರೆ ಅವನ ಸಂಬಳಕ್ಕೆ ಅಲ್ಲಿ ತೆರಿಗೆಯೇ ಬೀಳುವುದಿಲ್ಲ. ಕಟ್ಟದೇ ಇರುವ ತೆರಿಗೆ ವಾಪಸ್ ಬರುವ ಮಾತೇ ಇಲ್ಲ.

ಅವನಿಗೆ ಇರುವ ದಾರಿ ಆವಾಸ್ ಯೋಜನೆಯ ಎರಡನೇ ಹಂತ. ವರ್ಷದ ಆದಾಯ 9 ಲಕ್ಷದ ಒಳಗೆ, ಮನೆಯ ಬೆಲೆ 35 ಲಕ್ಷದ ಒಳಗೆ, ಸಾಲ 25 ಲಕ್ಷದ ಒಳಗೆ ಇರಬೇಕು. ಮೊದಲ 8 ಲಕ್ಷಕ್ಕೆ 4% ಬಡ್ಡಿ ಸಬ್ಸಿಡಿ, ಹೆಚ್ಚೆಂದರೆ 1.80 ಲಕ್ಷ. ಈ ಸಲ ಒಂದೇ ಗಂಟಿನಲ್ಲಿ ಅಲ್ಲ, ವರ್ಷಕ್ಕೊಂದರಂತೆ ಐದು ಕಂತು. ಕಂತು ಬರುವಾಗ ಸಾಲ ಚಾಲ್ತಿಯಲ್ಲಿರಬೇಕು, ಅಸಲು ಅರ್ಧಕ್ಕಿಂತ ಹೆಚ್ಚು ಬಾಕಿ ಇರಬೇಕು. ಹೊಲ ಮಾರಿದ ಹಣ ಬಂದರೆ ಸಾಲಕ್ಕೇ ತುಂಬುತ್ತೇನೆ ಅನ್ನುತ್ತಿದ್ದ. ತಡಿ, ಮೊದಲು ಈ ಲೆಕ್ಕ ನೋಡು ಅಂದೆ. ರಜಿಸ್ಟ್ರೇಶನ್ ಶುಲ್ಕ 2025ರ ಆಗಸ್ಟ್ ಕೊನೆಯಿಂದ 1%ರಿಂದ 2% ಆಗಿದೆ, ಅದನ್ನೂ ಈಗಲೇ ತೆಗೆದಿಡು ಅಂತ ಬರೆದುಕೊಟ್ಟೆ.

ನನ್ನ ಹೆಂಡತಿ ಚಹಾ ತಂದವಳು ಅಲ್ಲೇ ನಿಂತು ಕೇಳುತ್ತಿದ್ದಳು. "ಖರೀದಿ ಪತ್ರ ಯಾರ ಹೆಸರಿಗೆ ಮಾಡಸ್ತೀರಿ?" ಅಂತ ಅವಳೇ ಕೇಳಿದಳು.

ಅವನು ಇನ್ನೂ ಯೋಚಿಸಿರಲಿಲ್ಲ. ಶುಕ್ರವಾರ ಬ್ಯಾಂಕಿಗೆ ಹೋಗುತ್ತಾನೆ. ಹಳ್ಳಿ ಮನೆಯ ಉತಾರ ಮೊದಲು ತೆಗೆಸಿ ಇಟ್ಟುಕೋ ಅಂದಿದ್ದೇನೆ. ನಾನೂ ರಜೆ ಹಾಕಿ ಜೊತೆಗೆ ಹೋಗುತ್ತಿದ್ದೇನೆ.